ಪಾರ್ಟಿ ಸಾಸೇಜ್‌ಗೆ 6 ಕ್ವಾರ್ಟ್ ಸ್ಲೋ ಕುಕ್ಕರ್: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಮನೆಯಲ್ಲಿರುವುದು 6 ಕ್ವಾರ್ಟಿನ ಸ್ಲೋ ಕುಕ್ಕರ್, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟ್ ಪಾತ್ರೆ. ಐದೂವರೆ ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಮೊಟ್ಟೆಯಾಕಾರ, ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಮುಂದೆ ಒಂದೇ ಒಂದು ನಾಬ್: ಆಫ್, ಲೋ, ಹೈ, ವಾರ್ಮ್. ಟೈಮರ್ ಇಲ್ಲ, ಡಿಸ್‌ಪ್ಲೇ ಇಲ್ಲ. ಅಮೆರಿಕದ ಒಹಾಯೊಗೆ ಬಂದ ಹೊಸದರಲ್ಲಿ ಕೊಂಡಿದ್ದು. ಬೇಳೆ, ಕಾಳು ಬೇಯಿಸಲು ನಮಗೆ ಪ್ರೆಷರ್ ಕುಕ್ಕರ್ ಇದ್ದೇ ಇದೆ. ಹಾಗಾಗಿ ಇದು ಕಪಾಟಿನಿಂದ ಹೊರಗೆ ಬರುವುದು ಜನ ಸೇರುವ ದಿನ. ಬಂದಾಗಲೆಲ್ಲ ಹೆಚ್ಚಾಗಿ ಒಂದೇ ಕೆಲಸ: ಬೆರಳುದ್ದದ ಕಾಕ್‌ಟೇಲ್ ಸಾಸೇಜ್, ಸಿಹಿ ಹುಳಿ ಸಾಸ್‌ನಲ್ಲಿ.

ಅಮೆರಿಕದಲ್ಲಿ ಇದು ಎಲ್ಲರ ಮನೆಯ ತಿಂಡಿ. ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಫೈನಲ್ ನಡೆಯುವ ಸೂಪರ್ ಬೌಲ್ ದಿನ, ಕ್ರಿಸ್‌ಮಸ್ ಪಾರ್ಟಿ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಆಫೀಸ್ ಪಾಟ್‌ಲಕ್, ಎಲ್ಲಿ ಹೋದರೂ ಮೂಲೆಯಲ್ಲಿ ಒಂದು ಸ್ಲೋ ಕುಕ್ಕರ್, ಪಕ್ಕದಲ್ಲಿ ಟೂತ್‌ಪಿಕ್ ಡಬ್ಬಿ. ಹಳೆಯ ಅಳತೆ ಹೀಗಿದೆ: ಸಾಸೇಜ್ ಪ್ಯಾಕೆಟ್ ಎರಡು ಮೂರು, 12 ಔನ್ಸ್‌ನ (ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ) ಚಿಲ್ಲಿ ಸಾಸ್ ಒಂದು ಬಾಟಲಿ, 18 ಔನ್ಸ್‌ನ ದ್ರಾಕ್ಷಿ ಜೆಲ್ಲಿ ಒಂದು ಬಾಟಲಿ. ಚಿಲ್ಲಿ ಸಾಸ್ ಅಂದ ತಕ್ಷಣ ನಮ್ಮ ಗೋಬಿ ಮಂಚೂರಿಯ ಕೆಂಪು ಸಾಸ್ ನೆನೆಯಬೇಡಿ. ಇಲ್ಲಿಯದು ಖಾರವೇ ಇಲ್ಲದ, ವಿನೆಗರ್ ಹಾಕಿದ ಟೊಮೆಟೊ ಸಾಸ್.

ದ್ರಾಕ್ಷಿ ಜೆಲ್ಲಿ ಅಂದರೆ ಮೊದಲು ಯಾರಿಗಾದರೂ ವಿಚಿತ್ರ ಅನಿಸುತ್ತದೆ. ಇಲ್ಲಿಯ ಜೆಲ್ಲಿಗೆ ಬಳಸುವುದು ಕಾಂಕರ್ಡ್ ದ್ರಾಕ್ಷಿ. ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನಲ್ಲಿ 1849ರಲ್ಲಿ ಎಫ್ರೈಮ್ ಬುಲ್ ಬೆಳೆಸಿದ ತಳಿ. ಇದರ ಘಾಟು ಪರಿಮಳ ನಮ್ಮ ಕಡೆಯವರಿಗೆ ಕೂಡಲೇ ಗುರುತು ಸಿಗುತ್ತದೆ, ಯಾಕೆಂದರೆ ಚಿಕ್ಕಬಳ್ಳಾಪುರ, ದೇವನಹಳ್ಳಿ ಸುತ್ತ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯೂ ಅದೇ ಅಮೆರಿಕನ್ ವಂಶದ ಸಂಬಂಧಿ. ಬಿಸಿಯಾದ ಸಾಸ್‌ನಲ್ಲಿ ಆ ಪರಿಮಳ ಹಿಂದೆ ಸರಿಯುತ್ತದೆ. ಉಳಿಯುವುದು ಸಿಹಿ, ಹುಳಿ, ಹೊಗೆಯ ರುಚಿ.

ನನ್ನ ಬಾಯಿಗೆ ಮಾತ್ರ ಮೂಲ ಅಳತೆ ತುಂಬಾ ಸಿಹಿ. ಜೆಲ್ಲಿಯನ್ನು ಮುಕ್ಕಾಲಿಗೆ ಇಳಿಸಿ, ಎರಡು ಚಮಚ ಸಾಸಿವೆ ಪೇಸ್ಟ್, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ ಸೇರಿಸುತ್ತೇನೆ. ಮನೆಯಲ್ಲಿ ಕೊಡಗಿನ ಕಪ್ಪು ವಿನೆಗರ್ ಕಾಚಂಪುಳಿ ಇದ್ದರೆ ಕೊನೆಗೆ ಅರ್ಧ ಚಮಚ. ಪಂದಿ ಕರಿಗೆ ಅದು ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡುತ್ತದೆ. ಕೊಬ್ಬಿನ ಜಿಡ್ಡು ನಾಲಿಗೆಗೆ ಅಂಟುವುದಿಲ್ಲ. ಇಷ್ಟು ಮಾಡಿದರೆ ಬರೀ ಮಕ್ಕಳಲ್ಲ, ದೊಡ್ಡವರೂ ಎರಡನೇ ಸಲ ಬರುತ್ತಾರೆ.

ಈಗ ಯಂತ್ರದ ವಿಷಯ. ಪಾರ್ಟಿ ಸಾಸೇಜ್ ಮೊದಲೇ ಬೆಂದು, ಹೊಗೆ ಹಿಡಿಸಿ ಬಂದಿರುತ್ತದೆ. ಹಾಗಾಗಿ ಕುಕ್ಕರ್ ಅದನ್ನು ಬೇಯಿಸಬೇಕಿಲ್ಲ. ಚೆನ್ನಾಗಿ ಬಿಸಿ ಮಾಡಬೇಕು, ಆಮೇಲೆ ಗಂಟೆಗಟ್ಟಲೆ ಆ ಬಿಸಿಯನ್ನು ಕಾಯಬೇಕು. ನಾನು ಈ ಪೆಟ್ಟಿಗೆಗೆ ಅಂಕ ಕೊಡುವುದು ಈ ಎರಡನೇ ಕೆಲಸಕ್ಕೆ. ಹೈನಲ್ಲಿ ಎರಡು ಗಂಟೆ, ಆಮೇಲೆ ವಾರ್ಮ್. ಅಷ್ಟೇ. ಒಲೆ ಮುಂದೆ ನಿಲ್ಲುವ ಕೆಲಸವಿಲ್ಲ, ಬಂದವರ ಜೊತೆ ಕೂತು ಮಾತಾಡಬಹುದು. ತಡವಾಗಿ ಬಂದವರಿಗೂ ಮೊದಲು ಬಂದವರಿಗೂ ಒಂದೇ ಬಿಸಿ ಸಿಗುತ್ತದೆ.

ಲೋ, ಹೈ ಎರಡೂ ಹೆಚ್ಚುಕಡಿಮೆ ಒಂದೇ ಬಿಸಿಗೆ, ಕುದಿಯುವುದಕ್ಕೆ ಸ್ವಲ್ಪ ಕೆಳಗೆ, ತಲುಪುತ್ತವೆ. ಅಲ್ಲಿಗೆ ಮುಟ್ಟುವ ಹೊತ್ತು ಮಾತ್ರ ಬೇರೆ. ವಾರ್ಮ್ ಅನ್ನುವುದು ಬೇರೆಯೇ ಮಟ್ಟ. ಬಿಸಿ ಅಡುಗೆ 140 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 60 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ನಮ್ಮ ಕುಕ್ಕರ್‌ನ ವಾರ್ಮ್‌ನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದ್ದೇನೆ, ಅದಕ್ಕಿಂತ ಸಾಕಷ್ಟು ಮೇಲೆಯೇ ನಿಲ್ಲುತ್ತದೆ. ನೀವು ಕೊಂಡರೆ ನೀವೂ ಒಮ್ಮೆ ನೋಡಿ. ತಣ್ಣಗಿರುವ ಸಾಸೇಜ್ ಹಾಕಿ ನೇರ ವಾರ್ಮ್‌ಗೆ ತಿರುಗಿಸಲೇಬಾರದು. ಬಿಸಿ ಏರುವ ಮೊದಲೇ ಕೆಡುವಷ್ಟು ಹೊತ್ತು ಅದು ಉಗುರುಬೆಚ್ಚಗೆ ಕೂತಿರುತ್ತದೆ.

ಇಷ್ಟು ವರ್ಷದಲ್ಲಿ ಕಂಡ ದೊಡ್ಡ ಕೊರತೆ ಅಂಚು ಸೀಯುವುದು. ಇದರ ಕಾರಣ ಯಂತ್ರದ ಹುಟ್ಟಿನಲ್ಲೇ ಇದೆ. ಶಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ ಇದರ ಪೇಟೆಂಟ್ 1940ರಲ್ಲಿ ಸಿಕ್ಕಿತು. ಲಿಥುವೇನಿಯಾದಲ್ಲಿ ಯಹೂದಿಗಳು ಶುಕ್ರವಾರ ಸಂಜೆ ಬೇಕರಿಯ ಆರುತ್ತಿರುವ ಒಲೆಯಲ್ಲಿಟ್ಟು ಶನಿವಾರದವರೆಗೆ ಬೇಯಿಸುತ್ತಿದ್ದ ಚೋಲೆಂಟ್ ಎಂಬ ಅಡುಗೆಯ ಕಥೆಯನ್ನು ಅವರ ತಾಯಿ ಹೇಳುತ್ತಿದ್ದರಂತೆ. 1970ರಲ್ಲಿ ರೈವಲ್ ಕಂಪನಿ ಅವರ ವ್ಯವಹಾರವನ್ನು ಕೊಂಡು, ಮರುವರ್ಷ ಕ್ರಾಕ್‌ಪಾಟ್ ಎಂದು ಮಾರಿತು. ಪಾತ್ರೆಯ ಸುತ್ತ ಎಲ್ಲ ಕಡೆಯಿಂದ ಬಿಸಿ ಕೊಡುವುದು ನ್ಯಾಕ್ಸನ್ ಅವರ ಉಪಾಯ. ನೀರು ಜಾಸ್ತಿ ಇರುವ ಕಾಳಿಗೆ ಅದು ಬಹಳ ಒಳ್ಳೆಯದು. ಸಕ್ಕರೆ ತುಂಬಿದ ಜೆಲ್ಲಿ ಸಾಸ್ ಮಾತ್ರ ಆ ಬಿಸಿ ಗೋಡೆಗೆ ಅಂಟಿ ಕಪ್ಪಾಗುತ್ತದೆ.

ಪರಿಹಾರ ಪಾತ್ರೆಯ ತುಂಬುವಿಕೆಯಲ್ಲಿದೆ. ಅರ್ಧದಿಂದ ಮೂರನೇ ಎರಡು ಭಾಗ ತುಂಬಿರಬೇಕು. 6 ಕ್ವಾರ್ಟಿಗೆ 14 ಔನ್ಸ್‌ನ ನಾಲ್ಕು ಪ್ಯಾಕೆಟ್, ಮೇಲೆ ಹೇಳಿದ ಸಾಸ್ ಅಳತೆಯ ಎರಡರಷ್ಟು. ಒಂದು ಪ್ಯಾಕೆಟ್‌ನಲ್ಲಿ ಹೆಚ್ಚೂಕಡಿಮೆ 40 ತುಂಡು ಬರುತ್ತವೆ, ಬೇರೆ ತಿಂಡಿಯೂ ಇದ್ದರೆ ಮೂವತ್ತು ಜನರಿಗೆ ಧಾರಾಳ. ನಿಮ್ಮ ಮನೆಗೆ ಬರುವವರು ಹತ್ತು ಹನ್ನೆರಡು ಜನ ಮಾತ್ರ ಅಂದರೆ 3 ಕ್ವಾರ್ಟಿನದ್ದೇ ತಗೊಳ್ಳಿ. ದೊಡ್ಡದರಲ್ಲಿ ತೆಳ್ಳಗೆ ಹರಡಿದರೆ ಸೀದೇ ಸೀಯುತ್ತದೆ. ಅರ್ಧ ಗಂಟೆಗೊಮ್ಮೆ ಅಂಚನ್ನು ಕೆರೆದು ತಿರುವಿದರೆ ಸಾಕು. ಸುಮ್ನೆ ಸುಮ್ನೆ ಮುಚ್ಚಳ ತೆಗೆಯಬೇಡಿ, ಬಿಸಿ ಹೋದರೆ ವಾಪಸ್ ಬರಲು ತುಂಬಾ ಹೊತ್ತು ಬೇಕು.

ನಮ್ಮ ಕನ್ನಡ ಕೂಟದ ಪಾಟ್‌ಲಕ್‌ಗಳಿಗೆ ಒಂದು ಮಾತು. ಈ ಪುಟ್ಟ ಸಾಸೇಜ್‌ಗಳಲ್ಲಿ ಹಲವು ಬಗೆ ಹಂದಿ, ಟರ್ಕಿ, ದನದ ಮಾಂಸ ಬೆರೆಸಿದ್ದು. ಪ್ಯಾಕೆಟ್ ಓದಿ, ಏನಿದೆ ಎಂದು ಕನ್ನಡದಲ್ಲೇ ದೊಡ್ಡದಾಗಿ ಬರೆದು ಕುಕ್ಕರ್ ಮುಂದೆ ಅಂಟಿಸಿ. ಹಿರಿಯರು ಕೇಳಲು ಸಂಕೋಚಪಡುತ್ತಾರೆ. ನಾನು ಈಗ ಚಿಕನ್ ಸಾಸೇಜ್ ಬಿಲ್ಲೆ ಮಾಡಿ ಹಾಕುತ್ತೇನೆ. ಸಸ್ಯಾಹಾರಿಗಳಿಗೆ ಬೇರೆ ಚಿಕ್ಕ ಕುಕ್ಕರ್, ಬೇರೆ ಸೌಟು. ಗಿಡಮೂಲದ ಸಾಸೇಜ್ ಹೆಚ್ಚು ಹೊತ್ತು ಬಿಟ್ಟರೆ ಮುದ್ದೆಯಾಗುತ್ತದೆ. ಬಾಣಲೆಯಲ್ಲಿ ಹುರಿದು, ಬಿಸಿ ಸಾಸ್‌ಗೆ ಕೊನೆಯ ಅರ್ಧ ಗಂಟೆಯಲ್ಲಿ ಹಾಕಿ. ನಾಲ್ಕು ವರ್ಷದೊಳಗಿನ ಮಕ್ಕಳಿದ್ದರೆ ಸಾಸೇಜನ್ನು ಉದ್ದಕ್ಕೆ ಸೀಳಿ, ಸಣ್ಣದಾಗಿ ಹೆಚ್ಚಿಯೇ ಕೊಡಿ. ಗುಂಡಗಿನ ತುಂಡು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಟೂತ್‌ಪಿಕ್ ಅವರ ಕೈಗೆ ಬೇಡವೇ ಬೇಡ.

ಬಾಳಿಕೆ ಚೆನ್ನಾಗಿದೆ. ಕಾಯಿಲ್ ಇನ್ನೂ ಮೊದಲಿನ ಹಾಗೆ ಬಿಸಿಯಾಗುತ್ತದೆ. ನಾಬ್ ಮೇಲಿನ ಅಕ್ಷರ ಅಳಿಸಿಹೋಗಿವೆ, ಗುರುತಿಗೆ ಉಗುರು ಬಣ್ಣದ ಚುಕ್ಕಿ ಇಟ್ಟಿದ್ದೇವೆ. ವಯರ್ ಗಿಡ್ಡ, ಮೇಜು ಗೋಡೆಯ ಹತ್ತಿರವೇ ಇರಬೇಕು. ಹೊರಮೈ ಕೈ ಸುಡುವಷ್ಟು ಬಿಸಿಯಾಗುತ್ತದೆ, ಓಡಾಡುವ ಮಕ್ಕಳಿರುವ ಮನೆಯಲ್ಲಿ ಇದು ನಿಜವಾದ ಚಿಂತೆ. ಮುಚ್ಚಳ ಒಡೆದಾಗ ತಯಾರಿಸಿದ ಕಂಪನಿ ಬದಲಿ ಕಳಿಸಲು ವಾರಗಟ್ಟಲೆ ಕಾಯಿಸಿತು, ಬರೆದ ಪತ್ರಕ್ಕೆ ಉತ್ತರವೂ ಬರಲಿಲ್ಲ. ಅದಕ್ಕೆ ಒಂದು ಸ್ಟಾರ್ ಕಡಿತ. ಐದಕ್ಕೆ ನಾಲ್ಕು.

ಮತ್ತೆ ಕೊಳ್ಳುವುದಾದರೆ ಎರಡು ಬದಲಾವಣೆ ಕೇಳುತ್ತೇನೆ: ಹೊತ್ತಾದ ಮೇಲೆ ತಾನೇ ವಾರ್ಮ್‌ಗೆ ಇಳಿಯುವ ಟೈಮರ್, ಕಾರಿನಲ್ಲಿ ಚೆಲ್ಲದಂತೆ ಮುಚ್ಚಳ ಹಿಡಿಯುವ ಕ್ಲಿಪ್. ಕ್ಲಿಪ್ ಸಾಗಿಸುವಾಗ ಮಾತ್ರ, ಬೇಯುವಾಗ ಬಿಚ್ಚಿಡಬೇಕು. ಪಾತ್ರೆ ಬಿಸಿ ಇರುವಾಗ ತಣ್ಣೀರು ಬಿಡಬೇಡಿ, ಪಿಂಗಾಣಿ ಸೀಳುತ್ತದೆ. ಪೂರ್ತಿ ಆರಿದ ಮೇಲೆ ಬೆಚ್ಚನೆ ನೀರು ತುಂಬಿ ರಾತ್ರಿ ಬಿಟ್ಟರೆ ಸೀದ ಸಕ್ಕರೆ ತಾನೇ ಬಿಡುತ್ತದೆ. ಊರಿಗೆ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ: ಇದು 120 ವೋಲ್ಟ್‌ನ ಯಂತ್ರ, ನಮ್ಮ 230 ವೋಲ್ಟ್‌ಗೆ ಹಾಕಿದರೆ ಸುಟ್ಟುಹೋಗುತ್ತದೆ.