ಹಳೇ ಜೀಪಿಗೆ ಹೊಸ ಟಾಪ್: ರೆಡಿಮೇಡ್ ಕಿಟ್, ಪೇಟೆಯ ಕುಶನ್ ಅಂಗಡಿ, ಮನೆಯಂಗಳ

ಚಿಕ್ಕಮಗಳೂರು ಸೀಮೆಯಲ್ಲಿ ಜೀಪಿನ ಟಾಪ್, ಅಂದರೆ ಬಟ್ಟೆಯ ಮಾಡು, ಸೋರುತ್ತಿದೆ ಎಂದು ಗೊತ್ತಾಗುವುದು ಜೂನ್‌ನಲ್ಲಿ. ಬದಲಾಯಿಸಬೇಕಾದ ಕಾಲ ಮಾತ್ರ ಫೆಬ್ರವರಿಯಿಂದ ಏಪ್ರಿಲ್. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದು ಗಾಡಿಗೆ ಬಿಡುವು ಸಿಗುವುದು ಆಗ. ಬಟ್ಟೆಯನ್ನು ಬಿಗಿಯಾಗಿ ಎಳೆಯಲು ಬೇಕಾದ ಬಿಸಿಲು ಸಿಗುವುದೂ ಆಗಲೇ. ಆರಿದ್ರಾ ಹಿಡಿದ ಮೇಲೆ ಅಂಗಡಿಗೆ ಓಡಿದರೆ ಅವಸರದ ಹೊಲಿಗೆ ಸಿಗುತ್ತದೆ, ಆ ತೇವದಲ್ಲಿ ಅಂಟೂ ಹಿಡಿಯುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಮಹೀಂದ್ರಾದ ಸಿಜೆ 3ಬಿ, ಸಿಜೆ 500ಡಿ, ಎಂಎಂ 540, 2010ರಲ್ಲಿ ಬಂದ ಮೊದಲ ಥಾರ್, ಹೀಗೆ ಕಬ್ಬಿಣದ ಕಂಬಿಯ ಮೇಲೆ ಬಟ್ಟೆ ಹೊದಿಸುವ ಗಾಡಿಗಳ ಬಗ್ಗೆ. ದಾರಿ ಮೂರು: ರೆಡಿಮೇಡ್ ಕಿಟ್ ತರಿಸಿ ನಾವೇ ಹಾಕುವುದು, ಸೀಟು, ಟಾಪ್ ಹೊಲಿಯುವ ಕುಶನ್ ಅಂಗಡಿಗೆ ಗಾಡಿಯನ್ನೇ ಬಿಟ್ಟುಬರುವುದು, ಅಥವಾ ಹೊಲಿಗೆ ಮಾತ್ರ ಅಂಗಡಿಗೆ ಕೊಟ್ಟು ಉಳಿದದ್ದನ್ನು ಮನೆಯಲ್ಲಿ ಮಾಡಿಕೊಳ್ಳುವುದು. ನನ್ನ ಮತ ಮೂರನೆಯದಕ್ಕೆ.

ರೆಡಿಮೇಡ್ ಕಿಟ್‌ನಲ್ಲಿ ಹೊಲಿಗೆ ನೀಟಾಗಿರುತ್ತದೆ, ಗುಂಡಿಗಳ ಸಾಲು ನೇರವಾಗಿರುತ್ತದೆ. ಗಾಡಿಯ ಬಾಡಿ ಕಂಪನಿಯದೇ ಆಗಿದ್ದು ಕಂಬಿ ಸೊಟ್ಟಗಾಗದಿದ್ದರೆ ಇಬ್ಬರು ಸೇರಿ ಅರ್ಧ ದಿನದಲ್ಲಿ ಹಾಕಿ ಮುಗಿಸಬಹುದು. ತೊಂದರೆ ಏನೆಂದರೆ ತೋಟದ ಜೀಪುಗಳಲ್ಲಿ ಬಹಳಷ್ಟಕ್ಕೆ ಹಳೇ ಬಾಡಿ ತುಕ್ಕು ಹಿಡಿದು ಹೋಗಿ, ಊರಿನ ಬಾಡಿ ಬಿಲ್ಡರ್ ಕೈಯಲ್ಲಿ ಹೊಸ ತಗಡು ಬಂದಿರುತ್ತದೆ. ಹಿಂದೆ ಸೀಟು ಹೆಚ್ಚಿಸಲು ನಾಲ್ಕಾರು ಇಂಚು ಉದ್ದ ಮಾಡಿರುವುದೂ ಉಂಟು. ಸಿಜೆ 3ಬಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 80 ಇಂಚು, ಎಂಎಂ 540ಯದು 91 ಇಂಚು. ಆರ್ಡರ್ ಮಾಡುವಾಗ ಬರೀ ಮಾಡೆಲ್ ಹೆಸರು ಹೇಳಿದರೆ ಕಿಟ್ ಆ ಲೆಕ್ಕಕ್ಕೇ ಬರುತ್ತದೆ, ನಿಮ್ಮ ಅಂಗಳದಲ್ಲಿ ನಿಂತಿರುವ ಬಾಡಿಯ ಲೆಕ್ಕಕ್ಕಲ್ಲ. ಹಣ ಕಟ್ಟುವ ಮೊದಲು ನಾಲ್ಕು ಅಳತೆ ತೆಗೆದು ಮಾರುವವರ ಅಳತೆಯೊಡನೆ ತಾಳೆ ನೋಡಿ: ವಿಂಡ್‌ಷೀಲ್ಡ್ ಫ್ರೇಮಿನ ಮೇಲಂಚಿನ ಅಗಲ, ಅಲ್ಲಿಂದ ಹಿಂದಿನ ಕಂಬಿಯವರೆಗಿನ ಉದ್ದ, ಹಿಂದಿನ ಕಂಬಿಯ ಅಗಲ, ಕಂಬಿಯ ನೆತ್ತಿಯಿಂದ ಟೇಲ್‌ಗೇಟ್‌ವರೆಗಿನ ಎತ್ತರ. ಯಾವುದರಲ್ಲಾದರೂ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಕಿಟ್ ಬೇಡ.

ಬಟ್ಟೆಗಿಂತ ಮೊದಲು ಕಂಬಿ ನೋಡಬೇಕು. ಇದನ್ನೇ ಎಲ್ಲರೂ ಬಿಡುತ್ತಾರೆ. ಹೊಸ ಟಾಪ್ ಹಾಕಿಸಿದ ಮೊದಲ ಮಳೆಯಲ್ಲೇ ಸೋರಿತು ಎಂಬ ದೂರಿಗೆ ಎಷ್ಟೋ ಸಲ ಬಟ್ಟೆ ಕಾರಣವಲ್ಲ, ಕಂಬಿ ಕಾರಣ. ಹಳೇ ಟಾಪ್ ಬಿಚ್ಚಿದ ಮೇಲೆ ವಿಂಡ್‌ಷೀಲ್ಡಿನ ಎಡಮೂಲೆಯಿಂದ ಹಿಂದಿನ ಕಂಬಿಯ ಬಲಮೂಲೆಗೆ, ಮತ್ತೆ ಬಲದಿಂದ ಎಡಕ್ಕೆ ಟೇಪ್ ಹಿಡಿಯಿರಿ. ಎರಡು ಕರ್ಣಗಳ ವ್ಯತ್ಯಾಸ 6 ಮಿ.ಮೀ. ಒಳಗಿರಬೇಕು. 15-20 ಮಿ.ಮೀ. ಬಂದರೆ ಎಷ್ಟೇ ಒಳ್ಳೆ ಟೈಲರ್ ಹೊಲಿದರೂ ಒಂದು ಮೂಲೆಯಲ್ಲಿ ಓರೆ ಸುಕ್ಕು ನಿಂತೇ ನಿಲ್ಲುತ್ತದೆ, ನೀರು ಆ ಸುಕ್ಕು ಹಿಡಿದು ಒಳಗೆ ಬರುತ್ತದೆ. ಕಂಬಿಯನ್ನು ಬೈಯುವ ಮೊದಲು ವಿಂಡ್‌ಷೀಲ್ಡಿನ ಮಡಚುವ ಹಿಂಜ್ ಸವೆದಿದೆಯೇ, ಅಕ್ಕಪಕ್ಕದ ಕ್ಲಾಂಪ್ ಸಡಿಲವಾಗಿದೆಯೇ ನೋಡಿ. ಫ್ರೇಮನ್ನು ಕೈಯಲ್ಲಿ ಅಲ್ಲಾಡಿಸಿದಾಗ ಅಲ್ಲಾಡಿದರೆ ಮೊದಲು ಅದರ ರಿಪೇರಿ.

ಎರಡನೇ ಪರೀಕ್ಷೆ ದಾರದ್ದು. ವಿಂಡ್‌ಷೀಲ್ಡಿನಿಂದ ಹಿಂದಿನ ಕಂಬಿಗೆ ಮೂರು ಕಡೆ, ಎಡ, ನಡು, ಬಲ, ಬಿಗಿಯಾಗಿ ದಾರ ಕಟ್ಟಿ. ನಡುವಿನ ಕಂಬಿ ದಾರವನ್ನು 5ರಿಂದ 10 ಮಿ.ಮೀ. ಮೇಲಕ್ಕೆ ಎತ್ತಿ ಹಿಡಿದಿರಬೇಕು. ದಾರ ಮತ್ತು ಕಂಬಿಯ ನಡುವೆ ಸಂದು ಕಂಡರೆ ಅಲ್ಲಿ ಬಟ್ಟೆ ಜೋತು ಹೊಂಡವಾಗುತ್ತದೆ. ಒಂದು ಚದರ ಮೀಟರಿನಲ್ಲಿ 1 ಸೆಂ.ಮೀ. ನೀರು ನಿಂತರೂ 10 ಕೆಜಿ ಭಾರ. ಆ ಭಾರಕ್ಕೆ ಬಟ್ಟೆ ಇನ್ನಷ್ಟು ಜೋಲುತ್ತದೆ, ಇನ್ನಷ್ಟು ನೀರು ನಿಲ್ಲುತ್ತದೆ, ಕೊನೆಗೆ ಹೊಲಿಗೆ ಬಿಡುತ್ತದೆ.

ಅಳತೆ ಸರಿಯಾದ ಮೇಲೆ ಕಂಬಿಯನ್ನು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್, ಎರಡು ಕೈ ಬಣ್ಣ. ಬಟ್ಟೆ ತಾಗುವ ನೆತ್ತಿಯ ಉದ್ದಕ್ಕೆ ರೆಕ್ಸಿನ್ ಪಟ್ಟಿ ಸುತ್ತಿದರೆ ಬಟ್ಟೆ ಸವೆಯುವುದಿಲ್ಲ.

ಇನ್ನು ಬಟ್ಟೆ. ಹತ್ತಿ ಕ್ಯಾನ್ವಾಸ್ ಉಸಿರಾಡುತ್ತದೆ. ಮಳೆಗಾಲದಲ್ಲಿ ನಾಲ್ಕು ಜನ ಕೂತು ಪರದೆ ಮುಚ್ಚಿದರೂ ಒಳಗೆ ಅಷ್ಟಾಗಿ ಬೆವರುವುದಿಲ್ಲ. ನೆಂದಾಗ ನೂಲು ಉಬ್ಬಿ ಸೂಜಿ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ನೆಂದ ಕ್ಯಾನ್ವಾಸಿಗೆ ಒಳಗಿನಿಂದ ಬೆರಳು ತಾಗಿಸಿ ನೋಡಿ, ತಾಗಿದ ಚುಕ್ಕೆಯಿಂದಲೇ ಹನಿ ಇಳಿಯಲು ಶುರುವಾಗುತ್ತದೆ. ತಲೆ, ಚೀಲ, ಕತ್ತಿಯ ಹಿಡಿ, ಯಾವುದೂ ತಾಗಬಾರದು. ಒದ್ದೆಯಾಗಿಯೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ಸೋಪಿನ ಪುಡಿ ಹಾಕಿ ತಿಕ್ಕಿದರೆ ನೀರು ತಡೆಯುವ ಲೇಪ ಹೋಗುತ್ತದೆ.

ಪಿವಿಸಿ ಲೇಪದ ಪಾಲಿಯೆಸ್ಟರ್, ಅಂದರೆ ಲಾರಿ ಟಾರ್ಪಾಲಿನ ಜಾತಿ, ನೀರನ್ನು ಪೂರ್ತಿ ತಡೆಯುತ್ತದೆ, ಸಿಲ್ವರ್ ಓಕ್ ಕೊಂಬೆ ಗೀರಿದರೂ ಬಾಳುತ್ತದೆ. 600ರಿಂದ 700 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಸಾಕು. ಅದಕ್ಕಿಂತ ದಪ್ಪದ್ದು ಮೂಲೆಯಲ್ಲಿ ಮಡಿಕೆ ಕೂರುವುದಿಲ್ಲ. ಕೊರತೆ ಎಂದರೆ ಒಳಗೆ ಬೆವರು, ಮತ್ತು ಸೂಜಿ ತೂತು ತಾನಾಗಿ ಮುಚ್ಚುವುದಿಲ್ಲ. ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಓಡುವ ಗಾಡಿಗೆ ಪಿವಿಸಿಯೇ ಸರಿ. ಮಳೆ ಕಡಿಮೆ ಇರುವ ಕಡೂರು, ತರೀಕೆರೆ ಬಯಲಿಗೆ ಕ್ಯಾನ್ವಾಸ್ ಹಿತ. ಸೀಟಿಗೆ ಹಾಕುವ ರೆಕ್ಸಿನ್ನನ್ನು ಮಾತ್ರ ಟಾಪಿಗೆ ಒಪ್ಪಬೇಡಿ. ಅದರ ಬೆನ್ನಿನ ಹೆಣಿಗೆ ಬಟ್ಟೆ ಬಿಸಿಲಿಗೆ ಹಿಗ್ಗುತ್ತದೆ, ಜೋಲುವುದು ಖಚಿತ.

ಬಾಗಿಲು, ಹಿಂಪರದೆ ಸೇರಿ ಎಂಎಂ 540ಗೆ ಒಂದೂವರೆ ಮೀಟರ್ ಪನ್ನದ (ಅಗಲದ) ಬಟ್ಟೆ 7ರಿಂದ 8 ಮೀಟರ್ ಹಿಡಿಯುತ್ತದೆ. ಕ್ಯಾನ್ವಾಸ್ ಆದರೆ ಕತ್ತರಿ ಹಾಕುವ ಮುನ್ನ ಒಂದು ತುಂಡಿನ ಮೇಲೆ 50 ಸೆಂ.ಮೀ. ಚೌಕ ಬರೆದು, ನೆನೆಸಿ, ಒಣಗಿಸಿ, ಮತ್ತೆ ಅಳೆಯಿರಿ. ಎಷ್ಟು ಕುಗ್ಗಿತೋ ಅಷ್ಟನ್ನು ಅಳತೆಗೆ ಕೂಡಿಸಿ.

ಹೊಲಿಗೆಯನ್ನು ಮನೆಯ ಮಿಷನ್‌ನಲ್ಲಿ ಮಾಡುವ ಯೋಚನೆ ಬಿಟ್ಟುಬಿಡಿ. ಅಂಚನ್ನು ಒಂದರೊಳಗೊಂದು ಮಡಚಿ ಹೊಲಿದರೆ ನಾಲ್ಕು ಪದರ, ಅದರ ಮೇಲೆ ನವಾರು ಪಟ್ಟಿ ಬಂದರೆ ಇನ್ನೂ ದಪ್ಪ. ಮೇಲಿನ ಪದರ ಜಾರಿ ಹೊಲಿಗೆ ಸೊಟ್ಟಗಾಗುತ್ತದೆ, ಸೂಜಿ ಮುರಿಯುತ್ತದೆ. ಮೇಲೂ ಕೆಳಗೂ ಒಟ್ಟಿಗೆ ಬಟ್ಟೆ ಎಳೆಯುವ ವಾಕಿಂಗ್ ಫುಟ್ ಮಿಷನ್ ಬೇಕು, 18ರಿಂದ 22ನೇ ನಂಬರ್ ಸೂಜಿ ಬೇಕು. ಇವೆಲ್ಲ ಅಂಗಡಿಯಲ್ಲಿದ್ದರೆ ಕೊಡುವ ಹಣ ದಂಡವಲ್ಲ.

ಅಂಗಡಿ ಆರಿಸುವಾಗ ಬೋರ್ಡ್ ನೋಡಬೇಡಿ, ಅವರು ಹೊಲಿದ ಯಾವುದಾದರೂ ಟಾಪಿನ ಅಂಚನ್ನು ಕೈಯಲ್ಲಿ ಹಿಡಿದು ನೋಡಿ. ಇಂಚಿಗೆ 5-6 ಹೊಲಿಗೆ ಇರಬೇಕು. 8ಕ್ಕಿಂತ ಹೆಚ್ಚಾದರೆ ಅಂಚೆ ಚೀಟಿಯ ತೂತಿನ ಸಾಲಿನಂತಾಗಿ ಆ ಗೆರೆಯಲ್ಲೇ ಹರಿಯುತ್ತದೆ. ಜೋಡಣೆ ಹೆಂಚು ಹೊದಿಸಿದ ಹಾಗೆ, ಮೇಲಿನ ಅಂಚು ಕೆಳಕ್ಕೆ ಬಾಯಿ ಮಾಡಿರಬೇಕು. ಮಾಡಿನ ಮೇಲೆ ಅಡ್ಡ ಜೋಡಣೆ ಬಂದರೆ ಅದರ ಬಾಯಿ ಹಿಂದಕ್ಕೆ ಇರಬೇಕು. ದಾರ ಪಾಲಿಯೆಸ್ಟರ್ ಇರಲಿ. ನೈಲಾನ್ ದಾರ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಪಿವಿಸಿ ಟಾಪಿನ ಮಾಡಿನ ಹೊಲಿಗೆಗಳ ಮೇಲೆ ಬಿಸಿಗಾಳಿಯಲ್ಲಿ ಪಟ್ಟಿ ಬೆಸೆದುಕೊಡುತ್ತೀರಾ ಎಂದು ಕೇಳಿ. ಆಗದು ಎಂದರೆ ಹೊಲಿಗೆಯ ತೂತು ಮುಚ್ಚುವ ಸೀಮ್ ಸೀಲರ್ ಹಚ್ಚುವ ಕೆಲಸ ನಿಮ್ಮ ಪಾಲಿಗೆ. ಕಿಟಕಿಯ ಪಾರದರ್ಶಕ ಹಾಳೆ 0.75 ಮಿ.ಮೀ. ಕೇಳಿ. 0.5 ಮಿ.ಮೀ. ಹಾಳೆ ಗಾಳಿಗೆ ಪಟಪಟ ಹೊಡೆದುಕೊಂಡು ಹೊಲಿಗೆಯ ಸಾಲಿನಲ್ಲೇ ಸೀಳುತ್ತದೆ. ಬಿಲ್ಲಿನಲ್ಲಿ ಬಟ್ಟೆ, ಹೊಲಿಗೆ, ಗುಂಡಿ, ಫಿಟ್ಟಿಂಗ್ ಬೇರೆಬೇರೆ ಬರೆಸಿ. ಒಟ್ಟು ಮೊತ್ತ ಹೇಳುವ ಕಡೆ ಕೈ ಬಿಗಿಯಾಗುವುದು ಗುಂಡಿ ಮತ್ತು ದಾರದಲ್ಲೇ, ಅವೇ ಮೊದಲು ಕೈಕೊಡುವ ವಸ್ತುಗಳು.

ಅಂಗಡಿಯವರ ಫಿಟ್ಟಿಂಗ್ ಕೆಟ್ಟದ್ದೆಂದಲ್ಲ. ಆದರೆ ಗಾಡಿಗೆ ಸಿಗುವುದು ಒಂದು ಮಧ್ಯಾಹ್ನ ಮಾತ್ರ. ಕರ್ಣ ಅಳೆಯುವುದು, ದಾರ ಕಟ್ಟುವುದು, ರಾತ್ರಿಯಿಡೀ ಬಟ್ಟೆಯನ್ನು ಹಿಗ್ಗಲು ಬಿಡುವುದು, ಇಷ್ಟು ಪುರಸೊತ್ತು ದಿನಗೂಲಿ ಲೆಕ್ಕದಲ್ಲಿ ಕೂರುವುದಿಲ್ಲ. ಹಾಗಾಗಿ ಫಿಟ್ಟಿಂಗ್ ಮನೆಯಲ್ಲೇ ಆಗಲಿ. ಹೊಲಿಯಲು ಕೊಡುವಾಗ ಹಳೇ ಟಾಪನ್ನು ಅಳತೆಗೆ ಕೊಡಿ, ಆದರೆ ಅದು ಹಿಗ್ಗಿರುವುದರಿಂದ ಗಾಡಿಯ ಅಳತೆಯ ಚೀಟಿಯೂ ಜೊತೆಗಿರಲಿ. ಕೆಳ ಅಂಚಿನ ಗುಂಡಿಗಳನ್ನು ಹಾಕದೆ ಬಿಡಲು ಹೇಳಿ.

ಡಿಸೆಂಬರ್, ಜನವರಿಯ ಚಳಿಯ ಬೆಳಿಗ್ಗೆ ಪಿವಿಸಿ ಸೆಟೆದಿರುತ್ತದೆ, ಮಡಚಿದರೆ ಕಿಟಕಿ ಹಾಳೆ ಬಿರುಕು ಬಿಡುತ್ತದೆ. ಬಿಸಿಲಿನಲ್ಲಿ ಒಂದು ಗಂಟೆ ಹರಡಿ, ಹನ್ನೊಂದರ ಮೇಲೆ ಕೆಲಸ ಶುರು ಮಾಡಿ. ಬಟ್ಟೆಯ ನಟ್ಟನಡುವೆ ಹಿಂದೆ ಮುಂದೆ ಸೀಮೆಸುಣ್ಣದ ಗುರುತು, ವಿಂಡ್‌ಷೀಲ್ಡಿಗೂ ಹಿಂದಿನ ಕಂಬಿಗೂ ನಡು ಗುರುತು. ಮೊದಲು ಒಳಗೆ ಹಗ್ಗ ಸೇರಿಸಿ ಹೊಲಿದ ಮುಂದಿನ ಅಂಚನ್ನು ವಿಂಡ್‌ಷೀಲ್ಡ್ ಫ್ರೇಮಿನ ಚಾನೆಲ್‌ಗೆ (ಗಾಡಿಗೆ) ತೂರಿಸಿ. ಚಾನೆಲ್ ಒಳಗೆ ಮಣ್ಣು, ತುಕ್ಕು ಇದ್ದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಮೊದಲೇ ತಂತಿ ಬ್ರಷ್ ಹಾಕಿ, ಸ್ವಲ್ಪ ಮೇಣ ಸವರಿ. ನಂತರ ಹಿಂದಿನ ನಡುವಿನ ನವಾರನ್ನು ಎಳೆದು ಕಟ್ಟಿ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಸರದಿಯಲ್ಲಿ ಮೂಲೆಯತ್ತ ಬನ್ನಿ. ಒಂದೇ ಪಕ್ಕ ಪೂರ್ತಿ ಬಿಗಿದರೆ ನಡು ಗುರುತು ಜಾರುತ್ತದೆ, ಆಮೇಲೆ ಎಲ್ಲ ಬಿಚ್ಚಬೇಕು. ಪಕ್ಕಗಳು ಕೊನೆಗೆ. ಇಷ್ಟಾದ ಮೇಲೆ ಒಂದು ರಾತ್ರಿ ಹಾಗೇ ಬಿಡಿ. ಮಾರನೇ ದಿನ ಬಿಸಿಲಿನಲ್ಲಿ ಇನ್ನೊಮ್ಮೆ ಎಳೆದು, ಆಗ ಮಾತ್ರ ಗುಂಡಿಯ ಜಾಗ ಗುರುತು ಮಾಡಿ. ಟಿಚ್ ಬಟನ್, ತಿರುಗುಣಿ ಗುಂಡಿ ಎರಡೂ ಹಿತ್ತಾಳೆಯವು ಇರಲಿ. ಕಬ್ಬಿಣದ್ದು ಒಂದೇ ಮಳೆಗಾಲಕ್ಕೆ ತುಕ್ಕಿನ ಕಣ್ಣೀರು ಸುರಿಸುತ್ತದೆ. 4.8 ಮಿ.ಮೀ. ರಿವೆಟ್‌ಗೆ 4.9 ಮಿ.ಮೀ. ಡ್ರಿಲ್, ಕೊರೆದ ತೂತಿನ ಬಾಯಿಗೆ ಪ್ರೈಮರ್ ಮುಟ್ಟಿಸಿ.

ಡೀಸೆಲ್ ಜೀಪಿನಲ್ಲಿ ಹಿಂಪರದೆ ಎತ್ತಿ ಉಳಿದದ್ದೆಲ್ಲ ಮುಚ್ಚಿ ಓಡಿಸಬೇಡಿ. ಹಿಂದಿನ ಸುಳಿಗಾಳಿ ಹೊಗೆಯನ್ನು ಒಳಕ್ಕೆ ಎಳೆಯುತ್ತದೆ, ಹಿಂದೆ ಕೂತ ಮಕ್ಕಳಿಗೆ ಮೊದಲು ತಲೆಸುತ್ತು ಬರುತ್ತದೆ.

ಮಡಚುವ ಟಾಪಿನ ಹಳೇ ಕಾರಿನ ಮಾತು ಬೇರೆ. 1962ರಿಂದ 1980ರವರೆಗೆ ತಯಾರಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯಂಥವುಗಳಲ್ಲಿ ಬಟ್ಟೆಯನ್ನು ಮುಂದಿನ ಪಟ್ಟಿಗೆ ಅಂಟಿಸಬೇಕು. ಕಾಂಟ್ಯಾಕ್ಟ್ ಅಂಟು ಎರಡೂ ಕಡೆ ಹಚ್ಚಿ ಒಣಗಿಸಿ ಒಮ್ಮೆ ಕೂಡಿಸಿದರೆ ಸರಿಸಲು ಬರುವುದಿಲ್ಲ. ಬಟ್ಟೆ ಐದು ಮಿ.ಮೀ. ಹೆಚ್ಚು ಬಿಗಿಯಾಗಿ ಅಂಟಿದರೆ ಟಾಪ್ ಮುಚ್ಚುವುದಿಲ್ಲ, ಅಷ್ಟೇ ಸಡಿಲವಾಗಿ ಅಂಟಿದರೆ ಜೋಲುತ್ತದೆ. ಅದನ್ನು ಆ ಕೆಲಸವನ್ನೇ ಮಾಡಿ ಪಳಗಿದವರಿಗೆ ಕೊಡಿ, ಬೆಂಗಳೂರಿಗೆ ಒಯ್ಯಬೇಕಾದರೂ ಸರಿ.

ಜೀಪಿಗೆ ಕೊನೆಯ ಕೆಲಸ ನೀರಿನ ಪರೀಕ್ಷೆ. ಒಳಗೊಬ್ಬರು ಟಾರ್ಚ್ ಹಿಡಿದು ಕೂರಲಿ, ಹೊರಗೊಬ್ಬರು ತೋಟದ ಪೈಪಿನಲ್ಲಿ ಮೊದಲು ಹಿಂದಿನಿಂದ, ಕೊನೆಗೆ ವಿಂಡ್‌ಷೀಲ್ಡಿನ ಮೇಲೆ, ಒಂದೊಂದು ಕಡೆ ಐದೈದು ನಿಮಿಷ ನೀರು ಬಿಡಲಿ. ಹನಿ ಕಂಡ ಕಡೆ ಸೀಮೆಸುಣ್ಣದ ಗೆರೆ ಎಳೆಯಿರಿ. ಡ್ರೈವರ್ ಮೊಣಕಾಲಿನ ಮೇಲೆ ಹನಿ ಬಿದ್ದರೆ ತಪ್ಪಿರುವುದು ಚಾನೆಲ್‌ನ ಮೂಲೆಯಲ್ಲಿ, ಅಲ್ಲಿಗೆ ರಬ್ಬರ್ ಬೀಡಿಂಗ್ ತುಂಡು ಸಾಕು. ಹೊಲಿಗೆಯಿಂದ ಬಂದರೆ ಬಟ್ಟೆ ಪೂರ್ತಿ ಒಣಗಿದ ಮೇಲೆ ಸೀಲರ್. ಎರಡು ಮೂರು ವಾರ ಓಡಿಸಿ ನವಾರುಗಳನ್ನೆಲ್ಲ ಇನ್ನೊಂದು ಸುತ್ತು ಬಿಗಿಯಿರಿ.