ಹಳೆಯ 50 ಎಂಎಂ ಲೆನ್ಸ್ ತಗೊಳ್ಳುವ ಮೊದಲು ಹಿಂದಿನ ಲಿವರ್ ಸರಿಸಿ ನೋಡಿ

ಮಂಗಳೂರು, ಉಡುಪಿ ಕಡೆ ಸೆಕೆಂಡ್ ಹ್ಯಾಂಡ್ 50 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಲು ಹೊರಟವರು ಇದನ್ನು ಓದಿ ಹೋಗಿ. ಅಂಗಡಿಯವರು ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು "ನೋಡಿ, ಕ್ಲೀನ್ ಉಂಟು" ಅಂದರೆ ನಂಬಬೇಡಿ. ನಿಕಾನ್ ಲೆನ್ಸ್ ಆದರಂತೂ ನಂಬಲೇಬೇಡಿ.

ನನಗೆ ಲೆನ್ಸ್ ಬೇಕಾಗಿದ್ದದ್ದು ರಾತ್ರಿ ಯಕ್ಷಗಾನ ಆಟದ ಫೋಟೋ ತೆಗೆಯಲು. ಬಯಲಾಟದಲ್ಲಿ ಫ್ಲ್ಯಾಶ್ ಹೊಡೆದರೆ ವೇಷಧಾರಿಗೂ ಕಿರಿಕಿರಿ, ಕೂತು ನೋಡುವವರಿಗೂ ಕಿರಿಕಿರಿ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸನ್ನು 55ಕ್ಕೆ ಎಳೆದರೆ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸ್ ಜಾಸ್ತಿ ತೆರೆಯುತ್ತದೆ). ಎಫ್ 1.8ರಲ್ಲಿ ಅದರ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ, ಅಂದರೆ 1/60 ಸೆಕೆಂಡಿನಲ್ಲಿ ಗಿರಕಿ ಹೊಡೆಯುವ ಪುಂಡುವೇಷ ಬರೀ ಬಣ್ಣದ ಗೆರೆಯಾಗಿ ಬರುತ್ತಿದ್ದ ಕಡೆ 1/500 ಇಟ್ಟುಕೊಂಡು ಆರಾಮವಾಗಿ ಹೊಡೆಯಬಹುದು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಬೆಳಕು ಬೇರೆ ಕಡೆ ಸಿಗುವುದು ಕಷ್ಟ. ಅದಕ್ಕೇ ಎಲ್ಲರೂ ಇದರ ಹಿಂದೆ ಬೀಳುವುದು, ಅದಕ್ಕೇ ಹಾಳಾದದ್ದನ್ನು ದಾಟಿಸುವವರೂ ಇರುವುದು.

ನನ್ನ ಕ್ಯಾಮೆರಾ ನಿಕಾನ್ ಡಿ5300. ಅಂಗಡಿಯವರು ಮೊದಲು ಕೊಟ್ಟದ್ದು 50 ಎಂಎಂ 1.8 ಡಿ. ಮೇಲೆ ಎಎಫ್ (ಆಟೋಫೋಕಸ್) ಅಂತ ಬರೆದೇ ಇದೆ, ತಮ್ಮ ಡಿ7000ಕ್ಕೆ ಹಾಕಿ ಟಕ್ ಅಂತ ಫೋಕಸ್ ಮಾಡಿಯೂ ತೋರಿಸಿದರು. ಆದರೆ ಆ ಲೆನ್ಸಿನಲ್ಲಿ ಮೋಟಾರ್ ಇಲ್ಲ, ಕ್ಯಾಮೆರಾದೊಳಗಿನ ಮೋಟಾರ್ ಅದನ್ನು ತಿರುಗಿಸಬೇಕು. ಡಿ7000, ಡಿ7200ರಲ್ಲಿ ಅದು ಇದೆ. ಡಿ3000, ಡಿ5000 ಸಾಲಿನ ಯಾವುದರಲ್ಲೂ ಇಲ್ಲ. ನನ್ನ ಕ್ಯಾಮೆರಾಕ್ಕೆ ಹಾಕಿ ತೋರಿಸಿ ಅಂದಾಗ "ಕೈಯಲ್ಲಿ ತಿರುಗಿಸಿದರಾಯ್ತಲ್ಲ ಸರ್" ಅಂದರು! ಕುಣಿಯುವ ವೇಷಕ್ಕೆ ಎಫ್ 1.8ರಲ್ಲಿ ಕೈಯಲ್ಲಿ ಫೋಕಸ್. ಅವರೇ ಒಮ್ಮೆ ಮಾಡಿ ನೋಡಲಿ.

ಅದು ಬೇಡ ಅಂದ ಮೇಲೆ ಒಳಗಿನಿಂದ 1.8 ಜಿ ಬಂತು. ಇದರಲ್ಲಿ ಮೋಟಾರ್ ಇದೆ, ನನ್ನ ಕ್ಯಾಮೆರಾದಲ್ಲಿ ಫೋಕಸ್ ಆಯಿತು, ಮುಂದಿನ ಗಾಜಿನ ಮೇಲೆ ಒಂದು ಗೀರೂ ಇಲ್ಲ. ಫಂಗಸ್, ಅಂದರೆ ಗಾಜಿನ ಮೇಲೆ ಬೆಳೆಯುವ ಬೂಷ್ಟು, ಉಂಟಾ ಅಂತ ಕೇಳಿದೆ. ಅವರು ಲೆನ್ಸನ್ನು ತಮ್ಮ ಕೈಯಲ್ಲೇ ಹಿಡಿದು, ಟ್ಯೂಬ್‌ಲೈಟಿನ ಕಡೆ ತಿರುಗಿಸಿ, ಮುಂದಿನಿಂದ ತೋರಿಸಿದರು. ಎಲ್ಲ ಫಳಫಳ. ಹೊರಗೆ ರಸ್ತೆಯದ್ದೊಂದು ಫೋಟೋ ಕೂಡ ಅವರೇ ಹೊಡೆದುಕೊಟ್ಟರು, ಎಫ್ 8ರಲ್ಲಿ. ಅದೂ ಚೆನ್ನಾಗಿಯೇ ಬಂತು.

ಆಟದ ರಾತ್ರಿ ಬಣ್ಣ ಬಯಲಾಯಿತು. ಎಫ್ 1.8ರಲ್ಲಿ ರಂಗಸ್ಥಳದ ಪ್ರತಿ ದೀಪದ ಸುತ್ತಲೂ ಬಿಳಿ ಮಸುಕು. ಮಹಿಷಾಸುರ ದೊಂದಿ ಹಿಡಿದು ಸಭೆಯ ನಡುವಿನಿಂದ ಬರುವಾಗ, ರಾಳದ ಬೆಂಕಿ ಎದ್ದ ಕೂಡಲೇ ಇಡೀ ಫೋಟೋ ಬೆಳ್ಳಗೆ, ಕಪ್ಪು ಇರಬೇಕಾದ ಕಡೆಯೂ ಬೂದು.

ಆಮೇಲೆ ಲೆನ್ಸ್ ಕಳಚಿ ಹಿಂದಿನಿಂದ ನೋಡಿದೆ. ಮುಖ್ಯ ವಿಷಯ ಇದೇ. ನಿಕಾನಿನ ಜಿ ಲೆನ್ಸ್ ಕ್ಯಾಮೆರಾದಿಂದ ಹೊರಗೆ ಇರುವಾಗ ಅಪರ್ಚರ್ (ಬೆಳಕು ಒಳಗೆ ಬಿಡುವ ಕಿಂಡಿ) ಮುಚ್ಚಿಕೊಂಡಿರುತ್ತದೆ, ನಡುವೆ ಸಣ್ಣ ತೂತು ಮಾತ್ರ. ಮುಂದಿನಿಂದ ನೋಡಿದರೆ ಹಿಂದಿನ ಗಾಜುಗಳ ನಡುಭಾಗ ಅಷ್ಟೇ ಕಾಣುವುದು. ಫಂಗಸ್ ಹೆಚ್ಚಾಗಿ ಶುರುವಾಗುವುದು ಅಂಚಿನಿಂದ. ಎಫ್ 8ರ ಫೋಟೋ ಕೂಡ ಗಾಜಿನ ನಡುಭಾಗದಿಂದಲೇ ಆಗುವುದು, ಹಾಗಾಗಿ ಅದರಲ್ಲೂ ಏನೂ ಗೊತ್ತಾಗುವುದಿಲ್ಲ. ಹಿಂದೆ ಕ್ಯಾಮೆರಾಕ್ಕೆ ಸಿಕ್ಕಿಸುವ ಮೌಂಟಿನ ಒಳಗೆ ಒಂದು ಪುಟ್ಟ ಲಿವರ್ ಇದೆ, ಅದನ್ನು ಬೆರಳಿನಿಂದ ಮೆಲ್ಲ ಸರಿಸಿ ಹಿಡಿದರೆ ಅಪರ್ಚರ್ ಪೂರ್ತಿ ತೆರೆಯುತ್ತದೆ. ಆಗ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ನನ್ನದರಲ್ಲಿ ಹಿಂದಿನ ಗಾಜಿನ ಅಂಚಿನ ಸುತ್ತ ಜೇಡನ ಬಲೆಯಂಥ ಎಳೆಗಳು. ಡಿ ಲೆನ್ಸಿಗೆ ಅಪರ್ಚರ್ ರಿಂಗನ್ನು 1.8ಕ್ಕೆ ತಿರುಗಿಸಿದರೆ ಸಾಕು. ನೋಡಿ ಆದ ಮೇಲೆ ವಾಪಸ್ 22ಕ್ಕೆ ತಂದು ಲಾಕ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಎಫ್‌ಇಇ ಅಂತ ಎರರ್ ತೋರಿಸಿ ಸುಮ್ನೆ ನಿಂತುಬಿಡುತ್ತದೆ. ಕ್ಯಾನನ್ ಇಎಫ್ ಲೆನ್ಸಿನಲ್ಲಿ ಈ ರಗಳೆ ಇಲ್ಲ, ಕಳಚಿದರೂ ತೆರೆದೇ ಇರುತ್ತದೆ.

ಅಂಗಡಿಗೆ ಹೋದರೆ ಮಾತೇ ಬೇರೆ. "ತಗೊಂಡು ಹೋಗುವಾಗ ಕ್ಲೀನ್ ಇತ್ತು, ನಿಮ್ಮ ಮನೆಯಲ್ಲಿ ಬಂದದ್ದು." ಎಂತ ಮಾರಾಯ್ರೆ, ಒಂದು ವಾರವೂ ಆಗದೆ ಅಷ್ಟು ಬೆಳೆಯುವ ಫಂಗಸ್ ಯಾವುದು? ಬಿಲ್ಲಿನ ಮೇಲೆ ವಾಪಸ್ ಇಲ್ಲ ಅಂತ ಸೀಲ್ ಇದೆ, ಅದನ್ನೇ ತೋರಿಸಿದರು. ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು. ಎಳೆ ಹೋಯಿತು, ಆದರೆ ಅದು ಗಾಜಿನ ಮೇಲಿನ ಕೋಟಿಂಗನ್ನು ತಿಂದುಬಿಟ್ಟಿತ್ತು. ದೀಪದ ಸುತ್ತಲಿನ ಮಸುಕು ಕಡಿಮೆ ಆಯಿತು ಅಷ್ಟೇ.

ನಮ್ಮ ಕಡೆ ಇದು ಹೇಗೆ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕ್ಯಾಮೆರಾವೂ ಚೀಲ ಸೇರುತ್ತದೆ, ಆಮೇಲೆ ಮಳೆ. ಕತ್ತಲೆ, ತೇವ, ಗಾಳಿಯಾಡದ ಚೀಲ, ಫಂಗಸ್‌ಗೆ ಇನ್ನೇನು ಬೇಕು? ಮಳೆ ಮುಗಿದು ಮೇಳ ಹೊರಡುವ ಹೊತ್ತಿಗೆ ಮಾರಾಟಕ್ಕೆ ಬರುವ ಲೆನ್ಸ್ ಇದ್ದರೆ ಇನ್ನೂ ಜಾಸ್ತಿ ಹುಷಾರು. ನಿಮ್ಮದನ್ನು ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ತೇವ ಹಿಡಿದರೆ ಬದಲಿಸಿ. ಚರ್ಮದ ಪೌಚ್ ಬೇಡ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಕ್ಯಾಮೆರಾ ತಗೊಂಡು ಹೋಗಿ. ಎಫ್ 1.8ರಲ್ಲೇ, ಉರಿಯುವ ಬಲ್ಬ್ ಒಂದನ್ನು ಫ್ರೇಮಿನ ಮೂಲೆಯಲ್ಲಿಟ್ಟು ಹೊಡೆದು ದೊಡ್ಡದು ಮಾಡಿ ನೋಡಿ. ಬಿಲ್ಲಿನಲ್ಲಿ ಲೆನ್ಸಿನ ಸೀರಿಯಲ್ ನಂಬರ್, "ಫಂಗಸ್ ಇಲ್ಲ" ಅನ್ನುವ ಮಾತು, ಎಷ್ಟು ದಿನದೊಳಗೆ ವಾಪಸ್ ತಗೊಳ್ಳುತ್ತಾರೆ ಅನ್ನುವುದು, ಮೂರನ್ನೂ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಲೆನ್ಸ್ ಅಲ್ಲೇ ಇಟ್ಟು ಬನ್ನಿ.