ಲೈಟ್ ಬಾಡಿಗೆ ಅಂಗಡಿ: ರೇಟ್ ಸ್ವಲ್ಪ ಜಾಸ್ತಿ, ಪ್ರಶ್ನೆ ಇನ್ನೂ ಜಾಸ್ತಿ, ಆದರೂ ಇಲ್ಲಿಗೇ ಹೋಗಿ

ಸ್ಟೂಡೆಂಟ್ ಶಾರ್ಟ್ ಫಿಲ್ಮ್ ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಬೆಂಗಳೂರಿನಲ್ಲಿ ಇದಕ್ಕಿಂತ ಕಡಿಮೆಗೆ ಲೈಟ್ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ವಾಟ್ಸಾಪ್‌ನಲ್ಲಿ ಲಿಸ್ಟ್ ಹಾಕಿದರೆ ಸಾಕು, ಸಂಜೆಯೊಳಗೆ ಟೆಂಪೋದಲ್ಲಿ ಸಾಮಾನು ಬಾಗಿಲಿಗೇ ಬರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಲಿಸ್ಟ್ ಕೊಟ್ಟ ಕೂಡಲೇ ಓನರ್ ಕನ್ನಡಕ ಹಾಕಿಕೊಂಡು, "ಇದನ್ನೆಲ್ಲ ಎಲ್ಲಿಗೆ ಚುಚ್ತೀಯಮ್ಮಾ?" ಅಂತ ಕೇಳುತ್ತಾರೆ.

ನಮ್ಮದು ಮಾಗಡಿ ರೋಡ್ ಕಡೆ ಒಂದು ಹಳೇ ಹೆಂಚಿನ ಮನೆ, ರಾತ್ರಿ ಶೂಟಿಂಗ್. ಪ್ರೊಡಕ್ಷನ್ ನನ್ನ ತಲೆ ಮೇಲಿತ್ತು. ಲಿಸ್ಟ್‌ನಲ್ಲಿ ಒಂದು ಕಿಲೋವ್ಯಾಟ್‌ನ ಎರಡು ಟಂಗ್‌ಸ್ಟನ್ ಲೈಟು, ಎರಡು ಕಿಲೋವ್ಯಾಟ್‌ನದು ಒಂದು. ಅವರು ಬಿಲ್ ಹಿಂದೆ ಪೆನ್ನಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಟ್ಟು 4000 ವ್ಯಾಟ್. ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ 17 ಆಂಪ್ಸ್ ದಾಟುತ್ತದೆ. ಮನೆಯ ಸಣ್ಣ ಸಾಕೆಟ್ 6 ಆಂಪ್ಸ್‌ದು, ಗೀಸರ್‌ಗೆ ಇರುವ ದೊಡ್ಡದು 16. ಅದರ ಮೇಲೆ ಮೇಕಪ್ ರೂಮಿನ ಫ್ಯಾನು, ಹೇರ್ ಡ್ರೈಯರ್, ಟೀ ಕೆಟಲ್. "ಫ್ಯೂಸ್ ಹೋದ್ರೆ ನಿಮ್ಮ ಪುಣ್ಯ. ಹೋಗ್ಲಿಲ್ಲ ಅಂದ್ರೆ ಗೋಡೆ ಒಳಗೆ ವೈರ್ ಬೇಯುತ್ತೆ" ಅಂದರು. ಆ ಮನೆಯ ಮೀಟರ್ ಬೋರ್ಡ್ ಫೋಟೋ ತರಿಸಿಕೊಂಡು ನೋಡಿದ ಮೇಲೆ, ಆ ಲೈಟುಗಳಲ್ಲಿ ಎರಡನ್ನು ಹೊಡೆದು ಹಾಕಿ, ಕಡಿಮೆ ಕರೆಂಟ್ ಎಳೆಯುವ ಎಲ್‌ಇಡಿ ಬರೆದರು. ಎಲ್‌ಇಡಿ ಬಾಡಿಗೆ ಜಾಸ್ತಿ, ಅದಕ್ಕೇ ತಳ್ಳುತ್ತಿದ್ದಾರೆ ಅಂತ ನಮ್ಮ ಕ್ಯಾಮೆರಾಮನ್‌ಗೆ ಅನುಮಾನ. ಆದರೆ ನಾವು ಬರೆದಿದ್ದ ಸ್ಮೋಕ್ ಮಷೀನ್ ಬೇಡ, ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಎಲ್ಲರೂ ಕೆಮ್ಮಿ ಸಾಯ್ತೀರಿ ಅಂತ ಹೊಡೆದು ಹಾಕಿದ್ದೂ ಅವರೇ.

ಸಾಮಾನಿನ ಜೊತೆ ಒಂದು ಬೋರ್ಡ್ ಪೆಟ್ಟಿಗೆ ಕೊಡುತ್ತಾರೆ, ಅದರೊಳಗೆ ಆರ್‌ಸಿಸಿಬಿ ಇದೆ. ಕರೆಂಟ್ ಯಾರದಾದರೂ ಮೈಮೂಲಕ ನೆಲಕ್ಕೆ ಸೋರಿದರೆ, 30 ಮಿಲಿ ಆಂಪ್ಸ್ ಆಗುವಷ್ಟರಲ್ಲಿ ಕಟ್ ಮಾಡುವ ಸ್ವಿಚ್ಚು. ಮನೆ ಬೋರ್ಡಿನಲ್ಲಿರುವ ಮಾಮೂಲಿ ಎಂಸಿಬಿ ಸ್ವಿಚ್ಚು ಆ ಕೆಲಸ ಮಾಡುವುದಿಲ್ಲ, ಅದು ಲೋಡು ಮತ್ತು ಶಾರ್ಟ್ ಮಾತ್ರ ನೋಡುತ್ತದೆ. ಪೆಟ್ಟಿಗೆಯ ಮೇಲೆ 'ಟಿ' ಅಂತ ಬರೆದ ಒಂದು ಚಿಕ್ಕ ಗುಂಡಿ ಇರುತ್ತದಲ್ಲ, ಅದನ್ನು ಅಂಗಡಿಯಲ್ಲೇ ನನ್ನ ಕೈಯಿಂದ ಒತ್ತಿಸಿದರು. ಟಪ್ ಅಂತ ಬಿತ್ತು. "ಲೊಕೇಶನ್ನಲ್ಲೂ ಮೊದಲು ಇದನ್ನ ಒತ್ತು. ಬೀಳ್ಲಿಲ್ಲ ಅಂದ್ರೆ ಲೈಟ್ ಹಾಕ್ಬೇಡ, ಫೋನ್ ಮಾಡು." ಇದಿದೆ ಅಂತ ವೈರ್ ಜೊತೆ ಆಟ ಆಡುವ ಹಾಗಿಲ್ಲ, ಒಂದು ಕೈಯಲ್ಲಿ ಫೇಸು ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಇದಕ್ಕೆ ಗೊತ್ತೇ ಆಗುವುದಿಲ್ಲ ಅಂತಲೂ ಹೇಳಿದರು. ವೈರ್ ಸುತ್ತಿದ ಡ್ರಮ್ ಇದ್ದರೆ ಪೂರ್ತಿ ಬಿಚ್ಚಬೇಕು, ಸುತ್ತಿಕೊಂಡೇ ಲೋಡ್ ಹಾಕಿದರೆ ಒಳಗಿನ ಸುತ್ತು ಬಿಸಿಯಾಗಿ ಕರಗುತ್ತದೆ. ಇದು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಲೆನ್ಸ್ ಬಗ್ಗೆ ಒಂದು ಸೆಮಿಸ್ಟರ್ ಪೂರ್ತಿ ಪಾಠ ಆಯಿತು, ಪ್ಲಗ್ ಬಗ್ಗೆ ಒಂದು ಕ್ಲಾಸೂ ಇಲ್ಲ.

ಜೊತೆಗೆ ಒಬ್ಬ ಲೈಟ್‌ಮ್ಯಾನ್ ಕಡ್ಡಾಯ. ಬಾಟಾ (ದಿನದ ಭತ್ಯೆ), ಊಟ, ಹೋಗಿಬರುವ ಖರ್ಚು ನಮ್ಮದೇ. ಮೊದಲು ಇದೇನು ದಂಡ ಅನ್ನಿಸಿತು. ಅಣ್ಣ ಬಂದವರೇ ಮೊದಲು ತಲೆ ಎತ್ತಿ ಅಂಗಳದ ಮೇಲೆ ಹಾದುಹೋದ ವೈರ್ ನೋಡಿದರು, ಸ್ಟ್ಯಾಂಡ್ ಮುಟ್ಟಿದ್ದು ಆಮೇಲೆ. ಅದರ ಕೆಳಗೆ ಸ್ಟ್ಯಾಂಡ್ ಎತ್ತಬಾರದು, ಮೈಕ್ ಕಟ್ಟುವ ಬೂಮ್ ಕೋಲೂ ಅಡ್ಡ ಹಿಡಿದುಕೊಂಡೇ ದಾಟಬೇಕು ಅಂತ ಗೆರೆ ಎಳೆದರು. ಸುಮ್ನೆ ಹೆದರಿಸುವುದಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ಶೂಟಿಂಗ್‌ನಲ್ಲಿ ಕ್ರೇನ್ ಹೈ ಟೆನ್ಷನ್ ವೈರ್‌ಗೆ ತಾಗಿ ಫೈಟರ್ ಒಬ್ಬರು ತೀರಿಕೊಂಡರು. ದುಡ್ಡಿರುವ ಸಿನಿಮಾ ಸೆಟ್ಟಲ್ಲೇ ಹೀಗಾದರೆ ಹತ್ತು ಜನ ಹುಡುಗರ ಯೂನಿಟ್ ಕಥೆ ಏನು? ಲೈಟ್ ಕಟ್ಟುವ ಮೂರು ಕಾಲಿನ ಸಿ-ಸ್ಟ್ಯಾಂಡ್ ಅನ್ನೂ ಅಣ್ಣ ನಿಲ್ಲಿಸುವ ರೀತಿಯೇ ಬೇರೆ. ದೊಡ್ಡ ಕಾಲು ಭಾರದ ಕೆಳಗೆ ಬರಬೇಕು, ಮರಳು ಮೂಟೆ ಆ ಕಾಲಿನ ಮೇಲೇ ನೇತಾಡಬೇಕು, ಭಾರಕ್ಕೆ ತಿರುಪು ಬಿಗಿಯಾಗುವ ಕಡೆಗೇ ತೋಳು ಚಾಚಿರಬೇಕು, ಇಲ್ಲದಿದ್ದರೆ ಲೈಟ್ ತಾನಾಗೇ ನಿಧಾನಕ್ಕೆ ಬಗ್ಗಿ ಕೆಳಗಿರುವವರ ತಲೆ ಮೇಲೆ ಬರುತ್ತದೆ.

ಕೆರೆ ಸೀನ್ ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ನಮ್ಮ ಡೈರೆಕ್ಟರ್‌ಗೆ ತೆಪ್ಪದ ಮೇಲೆ ಹೀರೋಯಿನ್, ಪಕ್ಕದ ಇನ್ನೊಂದು ತೆಪ್ಪದಲ್ಲಿ ಲೈಟ್ ಬೇಕಿತ್ತು. ಓನರ್ ನೀರಿನ ಮೇಲೆ ಸಾಮಾನು ಕೊಡುವುದಿಲ್ಲ ಅಂದರು. ಸಾಮಾನು ಹಾಳಾಗುವ ಹೆದರಿಕೆ ಇರಬಹುದು ಅಂದುಕೊಂಡೆ. ಅವರು ಕೇಳಿದ್ದು, "ತೆಪ್ಪದಲ್ಲಿ ಕೂರೋ ಹುಡುಗಿಗೆ ಈಜು ಬರುತ್ತಾ? ಲೈಫ್ ಜಾಕೆಟ್ ಇದ್ಯಾ?" ತಿಪ್ಪಗೊಂಡನಹಳ್ಳಿ ಜಲಾಶಯ ಅಲ್ಲಿಂದ ದೂರವೇನಲ್ಲ. 2016ರ ನವೆಂಬರ್‌ನಲ್ಲಿ ಅಲ್ಲಿ ಸಿನಿಮಾ ಶೂಟಿಂಗ್ ವೇಳೆ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿಹೋದರು, ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅದನ್ನು ನೆನಪಿಸಿದ ಮೇಲೆ ಡೈರೆಕ್ಟರ್ ಸುಮ್ಮನಾದ. ತೆಪ್ಪ ದಡಕ್ಕೆ ಕಟ್ಟಿ, ಸಂಜೆ ಬೆಳಕಿರುವಾಗಲೇ ತೆಗೆದೆವು. ಶಾಟ್ ಅವನಂದುಕೊಂಡಷ್ಟು ಚೆನ್ನಾಗಿ ಬರಲಿಲ್ಲ, ನಿಜ.

ಈಗ ಬೈಗುಳ. ಫೈರ್ ಎಕ್ಸ್‌ಟಿಂಗ್ವಿಷರ್ ಕೇಳಿದರೆ ಮಾತ್ರ ಕೊಡುತ್ತಾರೆ, ಅದಕ್ಕೂ ಬೇರೆ ಬಾಡಿಗೆ. ಇಷ್ಟೆಲ್ಲ ಬುದ್ಧಿ ಹೇಳುವವರು ಅದನ್ನು ಪ್ಯಾಕೇಜಿನಲ್ಲೇ ಸೇರಿಸಬಹುದಿತ್ತು, ಅಲ್ವಾ? ನಮಗೆ ಮೊದಲು ಕೊಟ್ಟಿದ್ದರ ಪ್ರೆಷರ್ ಮುಳ್ಳು ಕೆಂಪಲ್ಲಿತ್ತು, ವಾಪಸ್ ಕೊಟ್ಟು ಹಸಿರಲ್ಲಿದ್ದದ್ದು ತಂದೆವು. ಮರಳು ಮೂಟೆಗಳು ಸೋರುತ್ತವೆ. ಬಿಸಿಯಾದ ಹಾಲೋಜನ್ ಲೈಟ್ ಹಿಡಿಯಲು ಗ್ಲೌಸ್ ಕೊಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತಕರಾರು ವಾಪಸ್ ಟೈಮಿನದು. ಬೆಳಿಗ್ಗೆ ಏಳಕ್ಕೆ ಸಾಮಾನು ಬರಬೇಕು, ತಡವಾದರೆ ಅರ್ಧ ಶಿಫ್ಟ್ ದುಡ್ಡು. ರಾತ್ರಿಯೆಲ್ಲ ಶೂಟಿಂಗ್ ಮಾಡಿ, ಐದಕ್ಕೆ ಪ್ಯಾಕಪ್ ಮಾಡಿ, ನಿದ್ದೆಗಣ್ಣಲ್ಲಿ ಹೈವೇ ಮೇಲೆ ಗಾಡಿ ಓಡಿಸುವವನು ಯಾರು? ನಮ್ಮಂಥ ಹುಡುಗರೇ. ಕರೆಂಟು, ನೀರು ಎಲ್ಲ ನೋಡಿದವರು ಇದನ್ನು ನೋಡಿರಲಿಲ್ಲ. ಸೆಟ್ಟಿನಲ್ಲಿ ಎಷ್ಟೇ ಹುಷಾರಾಗಿದ್ದರೂ ಆ ಡ್ರೈವ್‌ನಲ್ಲಿ ಎಲ್ಲ ಹೋಗಿಬಿಡಬಹುದು. ನಾನು ನೇರವಾಗಿ ಕೇಳಿದೆ. ಸ್ವಲ್ಪ ಗೊಣಗಿ, ಹನ್ನೊಂದಕ್ಕೆ ಒಪ್ಪಿದರು. ಹುಡುಗರು ಅಲ್ಲೇ ಚಾಪೆ ಹಾಸಿ ಮಲಗಿ ಎದ್ದು ಬಂದರು. ಹಾಗಾಗಿ ಬುಕ್ ಮಾಡುವಾಗಲೇ ಇದನ್ನು ಮಾತಾಡಿ ಬಿಲ್ ಮೇಲೆ ಬರೆಸಿಕೊಳ್ಳಿ.

ಉಳಿದದ್ದು ನಿಮ್ಮ ಕೆಲಸ, ಅಂಗಡಿಯವರದಲ್ಲ. ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ತೆಗೆದಿರುತ್ತಾ, ಹಾವು ಕಚ್ಚಿದರೆ ಅಲ್ಲಿ ಔಷಧಿ ಇದೆಯಾ ಅಂತ ಮೊದಲೇ ಹೋಗಿ ಕೇಳಿ. 108ಕ್ಕೆ ಫೋನ್ ಮಾಡಿದರೆ ಜಾಗ ಹೇಳುವಷ್ಟು ಗುರುತು, ಯೂನಿಟ್ಟಿಗೆ ಹಂಚುವ ಆ ದಿನದ ಕಾಲ್‌ಶೀಟ್ ಮೇಲೇ ಇರಲಿ. ನೆಟ್‌ವರ್ಕ್ ಸಿಗುವ ಜಾಗ ಎಲ್ಲಿದೆ ಅಂತ ಎಲ್ಲರಿಗೂ ತೋರಿಸಿ.

ಐದಕ್ಕೆ ನಾಲ್ಕು ಸ್ಟಾರ್. ಹೋಗುವುದಾದರೆ ವಾರದ ಮಧ್ಯೆ ಬೆಳಿಗ್ಗೆ ಹೋಗಿ, ಶುಕ್ರವಾರ ಸಂಜೆ ದೊಡ್ಡ ಯೂನಿಟ್‌ಗಳ ಗಾಡಿ ನಿಂತಿರುತ್ತವೆ, ಓನರ್ ಮಾತಿಗೇ ಸಿಗುವುದಿಲ್ಲ. ಮೀಟರ್ ಬೋರ್ಡ್, ಸಾಕೆಟ್, ಮೇಲೆ ಹಾದುಹೋಗುವ ವೈರ್ ಇಷ್ಟರ ಫೋಟೋ ಫೋನಲ್ಲಿರಲಿ. ಕಾಲೇಜ್ ಐಡಿ, ಆಧಾರ್ ಕಾಪಿ ಕೇಳುತ್ತಾರೆ. ಬಾಡಿಗೆಗೆ ಫೋನ್‌ಪೇ ನಡೆಯುತ್ತದೆ, ಡೆಪಾಸಿಟ್ ಮಾತ್ರ ಕ್ಯಾಶ್.